ವಾರದ ನಡುವಿನ ರಾತ್ರಿ, ಅರ್ಧ ಗಂಟೆ, ನಾಲ್ಕು ಹೋಳು ಮೀನು: ನಾನು ಎಡವುತ್ತಿರುವುದು ಎಲ್ಲಿ?

ಕರಡು ತಿದ್ದುವವಳು
ಮಂಗಳವಾರ, ರಾತ್ರಿ 10.40

ನನ್ನ ಕೆಲಸ ಪುಸ್ತಕಗಳ ಕರಡು ತಿದ್ದುವುದು. ಹಗಲೆಲ್ಲ ಬೇರೆಯವರ ತಪ್ಪು ಹೆಕ್ಕಿ, ಮನೆಗೆ ಬಂದು ಒಲೆ ಹಚ್ಚಿದರೆ ಅಲ್ಲಿ ನನ್ನ ತಪ್ಪುಗಳು ಸಾಲುಗಟ್ಟಿ ನಿಂತಿರುತ್ತವೆ. ಬೇರೆ ಅಡುಗೆ ಹೇಗೋ ಸಾಗುತ್ತದೆ. ಮೀನು ಮಾತ್ರ ನನ್ನ ಮಾತು ಕೇಳುವುದಿಲ್ಲ.

ಮೊದಲು ಮನೆಯ ಪರಿಸ್ಥಿತಿ ಹೇಳಿಬಿಡುತ್ತೇನೆ. ನಾನು ಒಳಗೆ ಕಾಲಿಡುವುದು ಏಳೂವರೆಗೆ. ಎಂಟೂಕಾಲರೊಳಗೆ ಊಟಕ್ಕೆ ಕೂರದಿದ್ದರೆ ಒಂಬತ್ತು ವರ್ಷದ ಮಗಳು ತಟ್ಟೆಯ ಮುಂದೆಯೇ ತೂಕಡಿಸುತ್ತಾಳೆ. ಅಪ್ಪನಿಗೆ 74. ಎರಡು ತಿಂಗಳ ಹಿಂದೆ ಕಟ್ಟಿಸಿಕೊಂಡ ಹಲ್ಲುಗಳ ಜೊತೆ ಅವರಿಗಿನ್ನೂ ಸ್ನೇಹ ಕುದುರಿಲ್ಲ, ಗಟ್ಟಿಯಾದದ್ದೇನನ್ನೂ ಅಗಿಯಲಾರರು. ಮಗಳಿಗೆ ಮುಳ್ಳಿನ ಭಯ. ನನಗೆ ಸುಸ್ತು. ಮೂವರಿಗೂ ಹೊಂದುವುದು ಮೀನೇ ಎಂದು ಲೆಕ್ಕ ಹಾಕಿ, ವಾರಕ್ಕೆ ಎರಡು ರಾತ್ರಿ ಮೀನಿನ ಊಟ ಎಂದು ಘೋಷಿಸಿದೆ. ಘೋಷಿಸುವುದು ಸುಲಭ.

ಇಂದು ನಡೆದದ್ದು ಇದು. ಫ್ರೀಜರಿನಿಂದ ಮುಳ್ಳು ತೆಗೆದ, ತೊಗಲು ಇರುವ ನಾಲ್ಕು ಹೋಳು ಹೊರತೆಗೆದೆ. ಕರಗುವವರೆಗೆ ಕಾಯಲು ಸಮಯವಿಲ್ಲವೆಂದು ಬಿಸಿನೀರಿಗೆ ಹಾಕಿದೆ. ಮೇಲೆಲ್ಲ ಮೆತ್ತಗಾಯಿತು, ನಡುವೆ ಮಂಜುಗಡ್ಡೆ ಹಾಗೆಯೇ ಉಳಿಯಿತು. ನಿಂಬೆರಸ, ಉಪ್ಪು, ಖಾರದ ಪುಡಿ ಸವರಿ ಕಾವಲಿಗೆ ಇಳಿಸಿದ ಕೂಡಲೇ ಎಣ್ಣೆ ಪಟಪಟನೆ ಸಿಡಿದು ಮೊಣಕೈಯ ಮೇಲೆ ಎರಡು ಬೊಬ್ಬೆ. ತಿರುವಲು ಹೋದರೆ ತೊಗಲು ಕಾವಲಿಯ ಪಾಲು, ಮಾಂಸ ಸಟ್ಟುಗದ ಪಾಲು. ಬೆಂದಿದೆಯೋ ಇಲ್ಲವೋ ಎಂಬ ಅನುಮಾನದಲ್ಲಿ ಇನ್ನೂ ಐದು ನಿಮಿಷ ಬಿಟ್ಟೆ. ಹೋಳುಗಳ ಮೈಯಿಂದ ಮೊಟ್ಟೆಯ ಬಿಳಿಯಂಥ ಏನೋ ಒಸರಿತು. ಕೊನೆಗೆ ತಟ್ಟೆಗೆ ಬಂದದ್ದು ಒಂದಿಷ್ಟು ಒಣ ಚೂರುಗಳು. ಅಪ್ಪ ಚಮಚದಲ್ಲಿ ಕೆದಕಿ ನೋಡಿ, "ಇದು ಮೀನಲ್ಲ ಮಗಳೇ, ಮೀನು ಬಂದು ಹೋಯಿತೆಂಬ ಸುದ್ದಿ" ಎಂದರು. ಮಗಳು ಬ್ರೆಡ್ ತಿಂದು ಮಲಗಿದಳು. ಈಗಲೂ ಪರದೆಗಳಲ್ಲಿ ವಾಸನೆ ಇದೆ.

ನನಗೆ ಬೇಕಿರುವುದು ಔತಣದ ಅಡುಗೆಯಲ್ಲ. ದಣಿದು ಬಂದವರ ಹೊಟ್ಟೆಗೆ ಹಿತವಾಗುವ, ಅರ್ಧ ಗಂಟೆಯಲ್ಲಿ ಆಗುವ, ತೊಳೆಯಲು ಒಂದೇ ಪಾತ್ರೆ ಉಳಿಸುವ ಮೀನು. ಅಂಟದಂತೆ ಮಾಡುವುದು ಹೇಗೆ? ಬೆಂದಿತೆಂದು ತಿಳಿಯುವುದು ಹೇಗೆ? ವಾಸನೆಯನ್ನು ಏನು ಮಾಡಲಿ? "ಹಿಂದಿನ ರಾತ್ರಿಯೇ ಮಸಾಲೆ ಅರೆದು" ಎಂದು ಶುರುವಾಗುವ ಉತ್ತರಗಳನ್ನು ದಯವಿಟ್ಟು ಬರೆಯಬೇಡಿ. ಹಿಂದಿನ ರಾತ್ರಿಯೂ ನಾನು ಇಷ್ಟೇ ದಣಿದಿರುತ್ತೇನೆ.


ಹಡಗಿನ ಭಂಡಾರಿ
ಬುಧವಾರ, ಬೆಳಿಗ್ಗೆ 5.15

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅಂಥದೇ ಮಾತನ್ನು ನನಗೆ ನಮ್ಮ ಹಡಗಿನ ಎಂಜಿನಿಯರೊಬ್ಬರು ಹೇಳುತ್ತಿದ್ದರು, ಆದರೆ ಇಷ್ಟು ಮರ್ಯಾದೆಯಿಂದಲ್ಲ.

ಸರಕು ಹಡಗುಗಳ ಅಡುಗೆಮನೆಯಲ್ಲಿ 22 ವರ್ಷ ಕಳೆದವನು ನಾನು. ಓಲಾಡುವ ನೆಲದ ಮೇಲೆ ನಿಂತು 24 ಜನರಿಗೆ ಅಡುಗೆ. ಸಮುದ್ರದ ಮೇಲಿರುವವರಿಗೆ ದಿನವೂ ತಾಜಾ ಮೀನು ಎಂದು ದಡದಲ್ಲಿರುವವರು ತಿಳಿದಿರುತ್ತಾರೆ. ಸರಕು ಹಡಗು ಬಲೆ ಬೀಸಲು ನಿಲ್ಲುವುದಿಲ್ಲ. ನಾನು ಬೇಯಿಸಿದ ಮೀನಿನಲ್ಲಿ ಬಹುಪಾಲು ಫ್ರೀಜರಿನದೇ. ಆದ್ದರಿಂದ ಫ್ರೀಜರಿನ ಮೀನೆಂದು ನೀವು ನಾಚಿಕೊಳ್ಳಬೇಕಾಗಿಲ್ಲ.

ನೀವು ಮಾಡಿದ್ದು ಒಂದೇ ತಪ್ಪು, ಅದು ನಾಲ್ಕು ವೇಷದಲ್ಲಿ ಬಂದಿದೆ. ಆ ತಪ್ಪಿನ ಹೆಸರು ನೀರು. ಬಿಸಿನೀರಿನಲ್ಲಿ ಮೀನಿನ ಮೈ ನೆನೆಯಿತು, ಅದರ ಮೇಲೆ ನಿಂಬೆರಸ ಬಿತ್ತು, ಒಳಗೆ ಮಂಜುಗಡ್ಡೆ ಇತ್ತು, ಉಪ್ಪು ಇನ್ನಷ್ಟು ನೀರನ್ನು ಹೊರಗೆಳೆಯಿತು. ಇಷ್ಟು ನೀರು ಬಿದ್ದ ಕಾವಲಿ ತಣ್ಣಗಾಗುತ್ತದೆ. ಆ ನೀರು ಆವಿಯಾಗಿ ಮುಗಿಯುವವರೆಗೆ ಮೀನಿನ ಮೈ 100 ಡಿಗ್ರಿ ದಾಟುವುದಿಲ್ಲ, ದಾಟದೆ ಹೊಂಬಣ್ಣ ಬರುವುದಿಲ್ಲ. ಅಷ್ಟರಲ್ಲಿ ಒಳಗಿನ ಮಾಂಸ ಬೆಂದು, ಒಣಗಿ, ಮುಗಿದಿರುತ್ತದೆ. ಹಸಿ ಮಾಂಸ ತಣ್ಣಗಿನ ಲೋಹಕ್ಕೆ ಅಂಟಿಕೊಳ್ಳುವ ರೀತಿ ನೋಡಿದರೆ ಬೆಸುಗೆ ಹಾಕುವವನಿಗೆ ಕೆಲಸವೇ ಬೇಡ.

ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಹೋಳುಗಳನ್ನು ಒಂದು ತಟ್ಟೆಯಲ್ಲಿಟ್ಟು, ಮುಚ್ಚಿ, ಫ್ರಿಜ್ಜಿನ ಕೆಳಗಿನ ತಟ್ಟಿಗೆ ಇಳಿಸಿ. ಸಂಜೆಗೆ ತಾನಾಗಿ ಕರಗಿರುತ್ತದೆ. ಮರೆತಿರೆಂದುಕೊಳ್ಳಿ, ಮರೆಯುತ್ತೀರಿ, ಆಗ ನೀರು ನುಗ್ಗದಂಥ ಚೀಲದಲ್ಲಿ ಬಿಗಿದು ತಣ್ಣೀರಿನ ಪಾತ್ರೆಯಲ್ಲಿ ಮುಳುಗಿಸಿ. ತೆಳು ಹೋಳಾದರೆ ಇಪ್ಪತ್ತು, ಇಪ್ಪತ್ತೈದು ನಿಮಿಷ ಸಾಕು. ನೀವು ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಅಕ್ಕಿ ಒಲೆಗಿಡುವಷ್ಟು ಹೊತ್ತು. ಬಿಸಿನೀರು ಬೇಡವೇ ಬೇಡ. ಹೊರಭಾಗ ಅರೆಬೆಂದಂತಾಗುತ್ತದೆ, ಕೆಡುವುದಕ್ಕೂ ಅದೇ ಶುರು.

ಕರಗಿದ ಮೇಲೆ ಒರೆಸಿ. ಕೂಸನ್ನು ಮೀಯಿಸಿ ಒರೆಸಿದ ಹಾಗೆ ಮಡಿಕೆ ಮಡಿಕೆ ಬಿಡಿಸಿ ಒರೆಸಿ. ಉಪ್ಪು ಹಚ್ಚಿ ಹತ್ತು ನಿಮಿಷ ಬಿಡಿ, ಮೈಮೇಲೆ ಹನಿಗಳು ಮೂಡುತ್ತವೆ, ಅವನ್ನೂ ಒರೆಸಿ. ಈಗ ಮೀನು ಒಣಗಿದೆ. ಕಾವಲಿ ಮೊದಲು ಕಾಯಬೇಕು, ಎಣ್ಣೆ ಆಮೇಲೆ. ಎಣ್ಣೆ ತೆಳುವಾಗಿ ಹರಿದಾಡತೊಡಗಿದಾಗ ತೊಗಲಿನ ಕಡೆ ಕೆಳಗೆ ಮಾಡಿ, ನಿಮ್ಮಿಂದ ಆಚೆಗೆ ಬಾಗುವಂತೆ ಹೋಳನ್ನು ಮಲಗಿಸಿ. ಸಿಡಿದರೆ ಆಚೆ ಸಿಡಿಯುತ್ತದೆ. ತೊಗಲು ಬಿಸಿಗೆ ಮುದುಡುತ್ತದೆ, ಆದ್ದರಿಂದ ಸಟ್ಟುಗದಿಂದ ಹತ್ತು ಎಣಿಸುವವರೆಗೆ ಮೆಲ್ಲಗೆ ಒತ್ತಿ ಹಿಡಿಯಿರಿ.

ಆಮೇಲಿನದು ನಿಮ್ಮ ವೃತ್ತಿಯವರಿಗೆ ಕಷ್ಟದ ಕೆಲಸ. ಮುಟ್ಟಬೇಡಿ. ತಿದ್ದಬೇಡಿ. ತೊಗಲು ಗರಿಯಾದಾಗ ಮೀನು ತಾನಾಗಿ ಕಾವಲಿಯನ್ನು ಬಿಟ್ಟುಕೊಡುತ್ತದೆ. ಸಟ್ಟುಗದ ತುದಿ ತೂರಿಸಿ ನೋಡಿದಾಗ ತಡೆದರೆ ಇನ್ನೂ ಹೊತ್ತಾಗಿಲ್ಲವೆಂದು ಅರ್ಥ, ಜಗ್ಗಬೇಡಿ. ಒಂದೂವರೆ ಸೆಂಟಿಮೀಟರ್ ದಪ್ಪದ ಹೋಳಿಗೆ ತೊಗಲಿನ ಕಡೆ ನಾಲ್ಕು ನಿಮಿಷ, ತಿರುವಿದ ಮೇಲೆ ಒಂದೇ ನಿಮಿಷ.

ಬೆಂದಿತೆಂದು ತಿಳಿಯುವ ಬಗೆ. ಎರಡೂವರೆ ಸೆಂಟಿಮೀಟರ್ ದಪ್ಪಕ್ಕೆ ಹತ್ತು ನಿಮಿಷ ಎಂಬ ಹಳೆಯ ಲೆಕ್ಕವೊಂದಿದೆ, ಕೆನಡಾದ ಲೆಕ್ಕ ಎನ್ನುತ್ತಾರೆ. ಅಂದಾಜಿಗೆ ಒಳ್ಳೆಯದು. ಆದರೆ ನಾನು ಎಂಟನೆಯ ನಿಮಿಷಕ್ಕೇ ನೋಡತೊಡಗುತ್ತೇನೆ. ಅತಿ ದಪ್ಪವಿರುವಲ್ಲಿ ಚಾಕುವಿನ ತುದಿಯಿಂದ ಸ್ವಲ್ಪ ಬಿಡಿಸಿ ನೋಡಿ. ಗಾಜಿನಂತಿದ್ದ ಮಾಂಸ ಹಾಲಿನ ಬಣ್ಣಕ್ಕೆ ತಿರುಗಿ ಪದರ ಪದರವಾಗಿ ಬಿಟ್ಟುಕೊಂಡರೆ ಆಯಿತು. ವಯಸ್ಸಾದವರು, ಮಕ್ಕಳು ಇರುವ ಮನೆ ನಿಮ್ಮದು, ಅರೆಬರೆ ಬೇಡ. ಅಡುಗೆಯ ತಾಪಮಾಪಕ ಇದ್ದರೆ ನಡುವೆ 63 ಡಿಗ್ರಿ ತೋರಿಸಿದಾಗ ಇಳಿಸಿ.

ಮೀನು ಇಷ್ಟು ಬೇಗ ಬೇಯುವುದು ಏಕೆಂದು ಹಡಗಿನ ಹುಡುಗರು ಕೇಳುತ್ತಿದ್ದರು. ನೆಲದ ಪ್ರಾಣಿ ತನ್ನ ಭಾರವನ್ನು ತಾನೇ ಹೊರಬೇಕು, ಅದರ ಮಾಂಸಕ್ಕೆ ಗಟ್ಟಿ ನಾರು ಬೇಕು. ಮೀನನ್ನು ನೀರೇ ಹೊರುತ್ತದೆ. ಅದರ ಮಾಂಸ ಮೋಟು ಎಳೆಗಳ ಪದರುಗಳು, ನಡುವೆ ತೆಳ್ಳನೆಯ ಪೊರೆ. ಆ ಪೊರೆ ಸಣ್ಣ ಬಿಸಿಗೇ ಕರಗಿಬಿಡುತ್ತದೆ. ಹಾಗಾಗಿ ನಿಮ್ಮ ಅರ್ಧ ಗಂಟೆಯಲ್ಲಿ ಮೀನಿಗೆ ಬೇಕಾದದ್ದು ಆರೇಳು ನಿಮಿಷ. ಉಳಿದದ್ದೆಲ್ಲ ಈರುಳ್ಳಿಯ ಸಮಯ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ನಿಮ್ಮ ಮನೆಗೆ ವಾರದ ನಡುವೆ ಹುರಿದ ಮೀನು ಬೇಡ. ಬಿರುಗಾಳಿಯ ರಾತ್ರಿಗಳಲ್ಲಿ ನಾನು ಮಾಡುತ್ತಿದ್ದುದನ್ನು ಮಾಡಿ. ಹಡಗು ಹೊರಳಾಡುವಾಗ ಬಿಸಿ ಎಣ್ಣೆ ಇಡುವಂತಿಲ್ಲ, ಪಾತ್ರೆಗಳನ್ನು ಒಲೆಯ ಕಂಬಿಗಳಿಗೆ ಸಿಕ್ಕಿಸಿ, ಮುಚ್ಚಳ ಬಿಗಿದು ಅಡುಗೆ ಮಾಡಬೇಕು. ಆಗಿನ ಅಡುಗೆ ಇದು.

ಅಗಲವಾದ, ಮುಚ್ಚಳವಿರುವ ಪಾತ್ರೆಯಲ್ಲಿ ಮೂರು ಚಮಚ ಎಣ್ಣೆ. ಎರಡು ಈರುಳ್ಳಿ ತೆಳುವಾಗಿ ಹೆಚ್ಚಿ ಹಾಕಿ. ಅದು ಮೆತ್ತಗಾಗುವಾಗ ಶುಂಠಿ, ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿದ್ದು. ಎರಡು ಆಲೂಗಡ್ಡೆಯನ್ನು ನಾಣ್ಯದಷ್ಟು ತೆಳುವಾಗಿ ಬಿಲ್ಲೆ ಮಾಡಿ, ಮೂರು ಟೊಮೆಟೊ ಹೆಚ್ಚಿ, ಉಪ್ಪು, ಚಿಟಿಕೆ ಅರಿಸಿನ, ಎರಡು ಲೋಟ ನೀರು. ಮುಚ್ಚಿ. ಹನ್ನೆರಡು ನಿಮಿಷಕ್ಕೆ ಆಲೂಗಡ್ಡೆ ಬೆರಳಿಗೆ ಮುರಿಯುವಂತಾಗಬೇಕು. ಈಗ ಉರಿ ತಗ್ಗಿಸಿ, ಕುದಿ ನಿಂತು ಮೇಲ್ಮೈ ಸುಮ್ಮನೆ ನಡುಗುವಷ್ಟು. ಒರೆಸಿ ಉಪ್ಪು ಹಚ್ಚಿಟ್ಟ ಹೋಳುಗಳನ್ನು ಆಲೂಗಡ್ಡೆಯ ಹಾಸಿಗೆಯ ಮೇಲೆ ಮಲಗಿಸಿ. ಮುಚ್ಚಿ ಐದಾರು ನಿಮಿಷ. ಒಲೆ ಆರಿಸಿ, ಮುಚ್ಚಳ ತೆಗೆಯದೆ ಇನ್ನೂ ಮೂರು ನಿಮಿಷ. ಮೇಲೆ ಕಾಳುಮೆಣಸಿನ ಪುಡಿ, ಅರ್ಧ ನಿಂಬೆಹಣ್ಣು. ಸೌಟು ಹಾಕಿ ತಿರುವಿದಿರೋ, ನಿಮ್ಮ ತಂದೆಯವರು ಮತ್ತೆ ಸುದ್ದಿ ಓದಬೇಕಾಗುತ್ತದೆ. ಅಗಲವಾದ ಚಮಚದಲ್ಲಿ ತಳದಿಂದ ಎತ್ತಿ ಬಡಿಸಿ. ಅನ್ನಕ್ಕೂ ಆದೀತು, ಬ್ರೆಡ್ಡಿಗೂ ಆದೀತು.

ಒಮ್ಮೆ ಮೊದಲ ಯಾನಕ್ಕೆ ಬಂದ ಹತ್ತೊಂಬತ್ತರ ಹುಡುಗನೊಬ್ಬ ಎರಡು ದಿನ ಏನೂ ತಿಂದಿರಲಿಲ್ಲ, ಬಕೆಟ್ ತಬ್ಬಿಕೊಂಡು ಮಲಗಿದ್ದ. ಈ ಸಾರಿನ ತಿಳಿಯನ್ನಷ್ಟೇ ಒಂದು ಲೋಟದಲ್ಲಿ ಕೊಟ್ಟೆ. ಮುಕ್ಕಾಲು ಗಂಟೆಯ ಮೇಲೆ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು, ಆಲೂಗಡ್ಡೆ ಇದೆಯೇ ಎಂದು ಕೇಳಿದ.


ಚುಟುಕು ಮಾತಿನವನು
ಬುಧವಾರ, ಬೆಳಿಗ್ಗೆ 9.02

ಏರ್ ಫ್ರೈಯರ್. 200 ಡಿಗ್ರಿ, ಹತ್ತು ನಿಮಿಷ. ಇಷ್ಟಕ್ಕೆ ಇಷ್ಟುದ್ದದ ಪುರಾಣವೇ?


ಹಡಗಿನ ಭಂಡಾರಿ
ಬುಧವಾರ, ಬೆಳಿಗ್ಗೆ 9.30

ಹಡಗು ಮೂವತ್ತು ಡಿಗ್ರಿ ವಾಲಿದಾಗ ಅದನ್ನು ಹಿಡಿದುಕೊಳ್ಳಲು ತಾವು ಬರುವಿರೇನು?


ರಾತ್ರಿ ಪಾಳಿಯವಳು
ಬುಧವಾರ, ಮಧ್ಯಾಹ್ನ 2.20

ನಾನು ಶುಶ್ರೂಷಕಿ, ತಿಂಗಳಲ್ಲಿ ಹತ್ತು ಹನ್ನೆರಡು ರಾತ್ರಿ ಪಾಳಿ. ಭಂಡಾರಿಯವರಿಗೆ ಒರೆಸುವ ಪುರುಸೊತ್ತು ಇದೆ, ನನಗೆ ಅದೂ ಇಲ್ಲ. ಸಾರಿನಂಥ ಅಡುಗೆಗಾದರೆ ಮೀನನ್ನು ಕರಗಿಸಲೇಬೇಕೆಂದಿಲ್ಲ. ಹೋಳಿನ ಮೇಲಿನ ಹಿಮವನ್ನು ತಣ್ಣೀರಿನಲ್ಲಿ ತೊಳೆದು ಗಟ್ಟಿಯಿರುವಾಗಲೇ ಕುದಿಯುವ ಸಾರಿಗೆ ಇಳಿಸಿ. ಸಾಮಾನ್ಯಕ್ಕಿಂತ ಅರ್ಧದಷ್ಟು ಹೆಚ್ಚು ಸಮಯ ಬೇಕು. ಆರು ನಿಮಿಷದ್ದು ಒಂಬತ್ತಾಗುತ್ತದೆ. ದಪ್ಪ ತುಂಡಿಗೆ ಈ ಉಪಾಯ ಬೇಡ, ನಡುವೆ ಹಸಿ ಉಳಿಯುತ್ತದೆ.

ಭಂಡಾರಿಯವರು ಬಿಟ್ಟ ಒಂದು ಸಂಗತಿ. ಗಾಳಿ ತೆಗೆದು ಬಿಗಿದ ಪೊಟ್ಟಣದಲ್ಲಿ ಬಂದ ಮೀನನ್ನು ಫ್ರಿಜ್ಜಿನಲ್ಲಿ ಕರಗಲು ಇಡುವ ಮೊದಲು ಪೊಟ್ಟಣವನ್ನು ಕತ್ತರಿಸಿ ಬಾಯಿ ತೆರೆದಿಡಿ. ಗಾಳಿಯಿಲ್ಲದ ಕಡೆಯೇ ಬೆಳೆದು ವಿಷ ಬಿಡುವ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾ ಇದೆ. ಮೀನಿನಲ್ಲಿ ಕಾಣುವ ಅದರ ಒಂದು ಬಗೆಗೆ ಫ್ರಿಜ್ಜಿನ ತಂಪೂ ಅಡ್ಡಿಯಲ್ಲ.

ಮಗಳ ಮುಳ್ಳಿನ ಭಯಕ್ಕೆ ಬರುತ್ತೇನೆ. ಪೊಟ್ಟಣದ ಮೇಲೆ "ಮುಳ್ಳಿಲ್ಲ" ಎಂದು ಬರೆದದ್ದನ್ನು ನಂಬಬೇಡಿ. ನೀವು ಅಚ್ಚಾದದ್ದನ್ನು ನಂಬುವವರಲ್ಲ ಎಂದುಕೊಂಡಿದ್ದೇನೆ. ಹೋಳಿನ ನಡುಗೆರೆಯ ಉದ್ದಕ್ಕೂ ತೋರುಬೆರಳನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ. ಚುಚ್ಚಿದ್ದನ್ನು ಚಿಮಟದಿಂದ ಹಿಡಿದು ಅದು ಬಾಗಿರುವ ದಿಕ್ಕಿಗೇ ಎಳೆಯಿರಿ, ಮೇಲಕ್ಕೆ ಕಿತ್ತರೆ ಮಾಂಸ ಹರಿಯುತ್ತದೆ. ಈ ಕೆಲಸವನ್ನು ಮಗಳಿಗೇ ಕೊಡಿ, ಆಮೇಲೆ ನೀವೊಮ್ಮೆ ಬೆರಳಾಡಿಸಿ ನೋಡಿ. ನನ್ನ ಮಗ ಏಳು ವರ್ಷದವನಿದ್ದಾಗ ಮೀನೆಂದರೆ ಬಾಯಿ ಬಿಗಿಯುತ್ತಿದ್ದ. ಚಿಮಟ ಕೈಗೆ ಕೊಟ್ಟ ಮೇಲೆ ಅವನೇ ಪತ್ತೇದಾರ. ತಾನು ಹುಡುಕಿ ತೆಗೆದ ಮುಳ್ಳಿಗೆ ಯಾರೂ ಹೆದರುವುದಿಲ್ಲ. ಕೈಯನ್ನು ಸೋಪು ಹಾಕಿ ತೊಳೆಸುವುದನ್ನು ಮರೆಯಬೇಡಿ. ಒಂದು ವೇಳೆ ಗಂಟಲಲ್ಲಿ ಮುಳ್ಳು ಸಿಕ್ಕರೆ ಅನ್ನದ ಮುದ್ದೆ ನುಂಗಿಸಬೇಡಿ, ಅದು ಮುಳ್ಳನ್ನು ಇನ್ನೂ ಆಳಕ್ಕೆ ಚುಚ್ಚಬಹುದು. ತಾನಾಗಿ ಹೋಗದಿದ್ದರೆ ವೈದ್ಯರೇ ತೆಗೆಯಲಿ.

ಅಪ್ಪನಿಗೆ ಗಂಜಿ ಮಾಡಿ ನೋಡಿ. ಉಳಿದ ಅನ್ನ ಎರಡು ಬಟ್ಟಲಿಗೆ ಐದು ಬಟ್ಟಲು ನೀರು, ಶುಂಠಿಯ ನಾಲ್ಕು ಬಿಲ್ಲೆ, ಉಪ್ಪು. ಸೌಟಿನ ಬೆನ್ನಿನಿಂದ ಹಿಸುಕುತ್ತ ಹದಿನೈದು ನಿಮಿಷ ಕುದಿಸಿದರೆ ಕೆನೆಯಂತಾಗುತ್ತದೆ. ಕರಗಿದ ಮೀನನ್ನು ಅರ್ಧ ಬೆರಳಿನ ದಪ್ಪಕ್ಕೆ ಸೀಳಿ ಹಾಕಿ, ಎರಡು ನಿಮಿಷ ಕುದಿಸಿ, ಮುಚ್ಚಿ ಐದು ನಿಮಿಷ ಬಿಡಿ. ಹಲ್ಲಿಗೆ ಕೆಲಸವೇ ಇಲ್ಲ. ಬೆಳಗಿನ ಎಂಟಕ್ಕೆ ಪಾಳಿ ಮುಗಿಸಿ ಬಂದು ನಾನು ತಿನ್ನುವುದು ಇದನ್ನೇ, ಕಿಟಕಿಯ ಪರದೆ ಎಳೆದುಕೊಂಡು, ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು. ಲೋಕಕ್ಕೆ ಬೆಳಗು, ನನಗೆ ರಾತ್ರಿಯ ಊಟ.


ರಸಾಯನದ ಮೇಷ್ಟ್ರು
ಬುಧವಾರ, ಸಂಜೆ 6.48

ವಾಸನೆಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ, ನನ್ನ ಪಾಠದ ಭಾಗ ಅದು.

ಸಮುದ್ರದ ಮೀನು ಉಪ್ಪು ನೀರಿನಲ್ಲಿ ಬದುಕಲು ತನ್ನ ಮೈಯೊಳಗೆ ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ವಸ್ತುವನ್ನು ತುಂಬಿಕೊಂಡಿರುತ್ತದೆ. ಅದಕ್ಕೆ ವಾಸನೆಯಿಲ್ಲ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದರಿಂದ ಆಮ್ಲಜನಕವನ್ನು ಕಿತ್ತುಕೊಂಡು ಟ್ರೈಮೀಥೈಲಮೀನ್ ಉಳಿಸುತ್ತವೆ. ಮೂಗು ಮುರಿಯುವಂತೆ ಮಾಡುವುದು ಅದು. ಪ್ರತ್ಯಾಮ್ಲವಾದ್ದರಿಂದ ಆಮ್ಲ ಸಿಕ್ಕೊಡನೆ ಲವಣವಾಗಿ ಕುಳಿತುಬಿಡುತ್ತದೆ, ಗಾಳಿಗೆ ಏಳುವುದಿಲ್ಲ. ಮೀನಿಗೆ ಎಲ್ಲೆಡೆಯೂ ಹುಳಿ ಜೊತೆಯಾಗಿರುವುದರಲ್ಲಿ ಇದರದೂ ಪಾಲಿದೆ. ಹೊಳೆ, ಕೆರೆಯ ಮೀನಿನ ಮಣ್ಣುವಾಸನೆ ಬೇರೆ ಕುಲದ್ದು, ಜಿಯೋಸ್ಮಿನ್ ಎಂಬುದರಿಂದ ಬರುವಂಥದ್ದು. ಹುಳಿಗೆ ಅದೂ ತಗ್ಗುತ್ತದೆ.

ಆದ್ದರಿಂದ ನಿಂಬೆಯನ್ನು ಪೂರ್ತಿ ಆರೋಪಿಯ ಸ್ಥಾನದಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಹುರಿಯುವ ಮೊದಲು ಐದು ನಿಮಿಷ ಸವರಿ, ಚೆನ್ನಾಗಿ ಒರೆಸಿದರೆ ಒಳ್ಳೆಯದೇ. ಅರ್ಧ ಗಂಟೆ ಬಿಟ್ಟರೆ ಮಾತ್ರ ಆಮ್ಲವೇ ಮಾಂಸವನ್ನು ಬೇಯಿಸಿದಂತೆ ಬಿಳಿಚಿಸಿ, ತಿನ್ನುವಾಗ ಸುಣ್ಣದ ಹಾಗೆ ಮಾಡುತ್ತದೆ.

ನೀವು ಕಂಡ ಬಿಳಿಯ ಒಸರು ಕೂಡ ಪ್ರೋಟೀನೇ. ಉರಿ ಜೋರಾದಾಗ ಎಳೆಗಳು ಬಿಗಿದು ಅದನ್ನು ಹೊರಗೆ ಹಿಂಡುತ್ತವೆ. ಒಂದು ಲೀಟರ್ ತಣ್ಣೀರಿಗೆ 50 ಗ್ರಾಂ ಉಪ್ಪು ಕಲಸಿ ಹೋಳುಗಳನ್ನು ಹತ್ತು ನಿಮಿಷ ಮುಳುಗಿಸಿ ಒರೆಸಿದರೆ ಬಹಳ ಕಡಿಮೆಯಾಗುತ್ತದೆ. ಆಗ ಮೇಲೆ ಬೇರೆ ಉಪ್ಪು ಹಚ್ಚಬೇಡಿ.

ಮನೆಯ ವಾಸನೆಗೆ ದೊಡ್ಡ ಕಾರಣ ಗಾಳಿಗೆ ಹಾರಿ ಪರದೆಯ ಮೇಲೆ ಕೂರುವ ಎಣ್ಣೆಯ ಹನಿಗಳು. ಮುಚ್ಚಿದ ಪಾತ್ರೆಯ ಅಡುಗೆಯಲ್ಲಿ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ. ಮೀನು ಮುಟ್ಟಿದ ಹಲಗೆ, ಚಾಕುಗಳನ್ನು ಮೊದಲು ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ಮೊದಲು ಬಿದ್ದರೆ ಪ್ರೋಟೀನು ಹೆಪ್ಪುಗಟ್ಟಿ ಹಲಗೆಯ ಗೀರುಗಳಲ್ಲಿ ಕೂರುತ್ತದೆ. ಆಮೇಲೆ ಸೋಪು, ಬಿಸಿನೀರು. ಹಿಂಡಿದ ನಿಂಬೆಯ ಹೋಳಿನಿಂದ ಹಲಗೆ ಉಜ್ಜಿ, ಮೇಲೆ ಹೇಳಿದ ಅದೇ ರಸಾಯನ ಅಲ್ಲಿಯೂ ನಡೆಯುತ್ತದೆ. ತೊಗಲು, ಮುಳ್ಳುಗಳನ್ನು ಚೀಲದಲ್ಲಿ ಕಟ್ಟಿ ಕಸ ಹೊರಗೆ ಹೋಗುವ ದಿನದವರೆಗೆ ಫ್ರೀಜರಿನಲ್ಲಿಡಿ.

ಎಚ್ಚರಿಕೆ ಒಂದೇ. ಬಂಗುಡೆ, ಭೂತಾಯಿ, ಟ್ಯೂನಾದಂಥ ಮೀನುಗಳು ಬೆಚ್ಚಗಿನ ಜಾಗದಲ್ಲಿ ಉಳಿದರೆ ಅವುಗಳಲ್ಲಿ ಹಿಸ್ಟಮೀನ್ ಬೆಳೆಯುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ, ಕೆಲವೊಮ್ಮೆ ವಾಸನೆಯೂ ಸುಳಿವು ಕೊಡುವುದಿಲ್ಲ. ತಿನ್ನುವಾಗ ನಾಲಿಗೆ ಚುರುಗುಟ್ಟಿದರೆ, ಮುಖ ಕೆಂಪೇರಿದರೆ ಅಲ್ಲಿಗೇ ನಿಲ್ಲಿಸಿ. ಮೀನನ್ನು ಕೊಂಡು ಚೀಲದಲ್ಲಿಟ್ಟುಕೊಂಡು ಊರೆಲ್ಲ ತಿರುಗಿ ಮನೆಗೆ ಹೋಗಬೇಡಿ.

ಭಂಡಾರಿಯವರ ಬಿರುಗಾಳಿ ಸಾರಿನ ಬಗ್ಗೆ ನನ್ನದೊಂದು ಅಡಿಟಿಪ್ಪಣಿ. ಟೊಮೆಟೊದಲ್ಲಿ ಗ್ಲುಟಮೇಟ್ ಇದೆ, ಮೀನಿನಲ್ಲಿ ಇನೋಸಿನೇಟ್, ಎರಡೂ ಸಾರಿಗೆ ನಾಲಿಗೆ ತುಂಬುವ ರುಚಿ ಕೊಡುವ ವಸ್ತುಗಳು. ಮೊದಲನೆಯದರ ರುಚಿಯನ್ನು 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಗುರುತಿಸಿದರು, ಎರಡನೆಯದನ್ನು 1913ರಲ್ಲಿ ಅವರ ಶಿಷ್ಯ ಶಿಂಟಾರೊ ಕೊಡಾಮ ಒಣಮೀನಿನಲ್ಲಿ ಕಂಡರು. ಎರಡೂ ಒಂದೇ ಪಾತ್ರೆಗೆ ಬಿದ್ದರೆ ರುಚಿ ಕೂಡುವುದಿಲ್ಲ, ಗುಣಿಸುತ್ತದೆ. ಬಕೆಟ್ ತಬ್ಬಿಕೊಂಡಿದ್ದ ಹುಡುಗ ಎದ್ದು ಬಂದದ್ದರಲ್ಲಿ ಅವರಿಬ್ಬರಿಗೂ ಸ್ವಲ್ಪ ಪಾಲು ಸಲ್ಲಬೇಕು.


ಹಡಗಿನ ಭಂಡಾರಿ
ಬುಧವಾರ, ಸಂಜೆ 7.10

ನಿಂಬೆಯ ವಿಷಯ ಒಪ್ಪಿದೆ ಮೇಷ್ಟ್ರೇ. ಹುಡುಗನ ವಿಷಯ ಒಪ್ಪುವುದಿಲ್ಲ. ಅವನು ಎದ್ದು ಬಂದದ್ದು ಗಾಳಿ ಇಳಿದದ್ದಕ್ಕೆ.


ಕರಡು ತಿದ್ದುವವಳು
ಶುಕ್ರವಾರ, ರಾತ್ರಿ 9.05

ಎಲ್ಲರಿಗೂ ನಮಸ್ಕಾರ. ಏರ್ ಫ್ರೈಯರಿನವರಿಗೂ. ಅದನ್ನಿಡುವ ಜಾಗದಲ್ಲಿ ನಮ್ಮ ಮನೆಯಲ್ಲಿ ನಿಘಂಟುಗಳಿವೆ.

ಬೆಳಿಗ್ಗೆ ಮೀನನ್ನು ಫ್ರಿಜ್ಜಿಗೆ ಇಳಿಸಲು ಮರೆತೆ. ಭಂಡಾರಿಯವರು "ಮರೆಯುತ್ತೀರಿ" ಎಂದು ಬರೆದದ್ದನ್ನು ಓದಿ, ಮರೆಯುವುದಿಲ್ಲವೆಂದು ಹಟ ತೊಟ್ಟೂ ಮರೆತೆ. ತಣ್ಣೀರಿನ ಪಾತ್ರೆ ಕೈಹಿಡಿಯಿತು. ಆಲೂಗಡ್ಡೆಯನ್ನು ನಾಣ್ಯದಷ್ಟು ತೆಳುವಾಗಿ ಹೆಚ್ಚಿದೆನೆಂದು ನಾನು ತಿಳಿದಿದ್ದೆ. ಆದರೆ ಅಂಥ ನಾಣ್ಯ ಯಾವ ದೇಶದ್ದೂ ಇರಲಾರದು, ಬೇಯಲು ಇಪ್ಪತ್ತೆರಡು ನಿಮಿಷ ಹಿಡಿಯಿತು. ಮುಚ್ಚಳವನ್ನು ಎರಡು ಸಲ ತೆಗೆದು ನೋಡಿದೆ. ಒಮ್ಮೆ ಸೌಟು ಕೈಗೆ ಬಂದಿತ್ತು, ವಾಪಸ್ ಇಟ್ಟೆ.

ಚಿಮಟ ಮಗಳ ಕೈಗೆ ಕೊಟ್ಟಿದ್ದೆ. ನಾಲ್ಕು ಹೋಳಿನಲ್ಲಿ ಮೂರು ಮುಳ್ಳು ಸಿಕ್ಕವು. ಅವನ್ನು ಒಂದು ಕಾಗದದ ಮೇಲೆ ಉದ್ದದ ಕ್ರಮದಲ್ಲಿ ಜೋಡಿಸಿ, ನನ್ನ ಕೆಂಪು ಪೆನ್ನಿನಿಂದ 1, 2, 3 ಎಂದು ಬರೆದಿದ್ದಾಳೆ. ಅವಳ ತಟ್ಟೆಯಲ್ಲಿ ಆಲೂಗಡ್ಡೆ ಉಳಿಯಿತು, ಮೀನು ಉಳಿಯಲಿಲ್ಲ. ಎಂಟು ಇಪ್ಪತ್ತಕ್ಕೆ ಊಟ ಶುರುವಾಯಿತು, ಐದು ನಿಮಿಷ ತಡ, ತೂಕಡಿಕೆ ಬರಲಿಲ್ಲ.

ಅಪ್ಪ ಏನೂ ಹೇಳಲಿಲ್ಲ. ಹೋಳನ್ನು ಚಮಚದ ಅಂಚಿನಿಂದ ಪದರ ಪದರ ಬಿಡಿಸಿ ತಿಂದರು. ಮುಗಿದ ಮೇಲೆ ಬಟ್ಟಲನ್ನು ನನ್ನ ಕಡೆ ತಳ್ಳಿದರು. ಅವರು ಬಟ್ಟಲು ತಳ್ಳಿ ಎಷ್ಟು ದಿನವಾಗಿತ್ತೆಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ.

ಒಂದು ಹೋಳು, ಎರಡು ಸೌಟು ಸಾರು ಉಳಿದಿದೆ. ನಾಳೆ ಮಧ್ಯಾಹ್ನ ಬಿಸಿ ಮಾಡಿದರೆ ಮತ್ತೆ ಮಂಗಳವಾರದ ಗತಿಯೇ ಆಗುವುದೇನು?


ಹಡಗಿನ ಭಂಡಾರಿ
ಶುಕ್ರವಾರ, ರಾತ್ರಿ 9.20

ಎರಡು ಗಂಟೆ ಹೊರಗೆ ಉಳಿಯುವ ಮೊದಲೇ ಫ್ರಿಜ್ಜಿಗಿಡಿ. ಮೀನನ್ನೂ ಸಾರನ್ನೂ ಬೇರೆ ಬೇರೆ ಡಬ್ಬಿಯಲ್ಲಿಡಿ. ನಾಳೆ ಸಾರನ್ನು ಮಾತ್ರ ಚೆನ್ನಾಗಿ ಕುದಿಸಿ, ಮೀನನ್ನು ದೊಡ್ಡ ಚೂರು ಮಾಡಿ ಅದಕ್ಕೆ ಇಳಿಸಿ, ಉರಿ ತಗ್ಗಿಸಿ ಮುಚ್ಚಿ, ನಡುವಿನವರೆಗೂ ಹಬೆಯಾಡುವಷ್ಟು ಬಿಸಿಯಾದ ಕೂಡಲೇ ತೆಗೆಯಿರಿ. ಸಾರು ಗಟ್ಟಿಯಾಗಿ ನಡುಗುವ ಹಾಗಿದ್ದರೆ ಕೆಟ್ಟಿತೆಂದು ಚೆಲ್ಲಬೇಡಿ, ತೊಗಲಿನ ಅಂಟು ಅದು, ಬಿಸಿಗೆ ಕರಗುತ್ತದೆ.

ಆಲೂಗಡ್ಡೆಗೆ ಚಾಕು ಹರಿತ ಮಾಡಿಸಿ.